ಜನಾಝಾ: ತಡವೂ ಬೇಡ, ಗಡಿಬಿಡಿಯೂ ಬೇಡ

ಖಾನಾಪುರ ತಾಲೂಕಿನ ಹಿರಿಯರೊಬ್ಬರು ಬೆಳಗಾವಿಯ ಆಸ್ಪತ್ರೆಯಲ್ಲಿ ರಾತ್ರಿ ಹನ್ನೊಂದಕ್ಕೆ ಕೊನೆಯುಸಿರೆಳೆದರು ಎಂದುಕೊಳ್ಳಿ. ನಾಳೆ ಝುಹರ್ ನಮಾಝಿನ ನಂತರ ದಫನ್ ಎಂದು ಮನೆಯವರು ತೀರ್ಮಾನಿಸುತ್ತಾರೆ. ಊರಿಗೆ ಒಯ್ಯಲು ವಾಹನ ಯಾರು ಗೊತ್ತು ಮಾಡಬೇಕು? ಗುಸಲ್ ಯಾರು ಕೊಡುತ್ತಾರೆ? ಆಧಾರ್ ಕಾರ್ಡ್ ಎಲ್ಲಿದೆ? ಅವರು ಯಾರಿಗೆಷ್ಟು ಸಾಲ ಕೊಡಬೇಕಿತ್ತು? ಅಳುವ ಮನೆಯಲ್ಲಿ ಇದಕ್ಕೆಲ್ಲ ಉತ್ತರ ಹುಡುಕುವುದು ಕಷ್ಟ.

ಜನಾಝಾ ತಡಮಾಡಬಾರದೆಂಬುದು ಪ್ರವಾದಿವರ್ಯರ(ಸ) ಬೋಧನೆ. ಮೊದಲೇ ಸಿದ್ಧತೆ ಇದ್ದರೆ ಇದನ್ನು ಗಡಿಬಿಡಿಯಿಲ್ಲದೆ ಪಾಲಿಸಬಹುದು. ಮಸ್‌ಅಲೆಗಳನ್ನು ನಿಮ್ಮ ಆಲಿಮರಲ್ಲಿ ಕೇಳಿಕೊಳ್ಳಿ. ಶುಚಿತ್ವ ಮತ್ತು ಕಾಗದಪತ್ರಗಳ ವಿಷಯವನ್ನು ಇಲ್ಲಿ ಹೇಳುತ್ತೇನೆ.

ಮೊದಲ ಗಂಟೆಯಲ್ಲಿ

ಸಾವಿನ ನಂತರ ಎರಡರಿಂದ ನಾಲ್ಕು ಗಂಟೆಯೊಳಗೆ ದವಡೆ, ಕತ್ತಿನ ಸ್ನಾಯುಗಳು ಬಿಗಿಯತೊಡಗುತ್ತವೆ. ಸುಮಾರು 12 ಗಂಟೆಯಲ್ಲಿ ಇಡೀ ದೇಹ ಸೆಟೆದುಕೊಳ್ಳುತ್ತದೆ. ಹಾಗಾಗಿ ಕಣ್ಣು ಮುಚ್ಚಿಸುವುದು, ಗದ್ದಕ್ಕೆ ಪಟ್ಟಿ ಕಟ್ಟುವುದು, ಕೈಕಾಲು ನೇರ ಮಾಡುವುದು ಕೂಡಲೇ ಆಗಬೇಕು. ಆಸ್ಪತ್ರೆಯಲ್ಲಾದರೆ ಮೂತ್ರದ ನಳಿಕೆ, ಸಲೈನ್ ಸೂಜಿಗಳನ್ನು ನರ್ಸ್‌ಗಳಿಂದಲೇ ತೆಗೆಸಿ, ಆ ಜಾಗಕ್ಕೆ ಪಟ್ಟಿ ಹಾಕಿಸಿಕೊಂಡು ಹೊರಡಿ. 108 ಆಂಬುಲೆನ್ಸ್ ಇರುವುದು ರೋಗಿಗಳಿಗಾಗಿ. ಮಯ್ಯತ್ ಸಾಗಿಸುವ ವಾಹನದ ಫೋನ್ ನಂಬರು ಬರೆದಿಟ್ಟುಕೊಂಡಿರಿ.

ಗುಸಲ್‌ಗೆ ಮೊದಲು ಪೊಲೀಸರಿಗೆ ತಿಳಿಸಬೇಕಾದ ಸಾವುಗಳು

ಅಪಘಾತ, ಹಾವು ಕಡಿತ, ವಿಷ, ಸುಟ್ಟಗಾಯ, ನೇಣು, ನೀರಿನಲ್ಲಿ ಮುಳುಗುವುದು, ಸಂಶಯಾಸ್ಪದ ಸಾವು - ಇಂಥ ಸಂದರ್ಭದಲ್ಲಿ ಗುಸಲ್ ಕೊಡಬೇಡಿ, ಬಟ್ಟೆ ಬದಲಿಸಬೇಡಿ. ಮೊದಲು ಠಾಣೆಗೆ ತಿಳಿಸಿ. ಮದುವೆಯಾಗಿ ಏಳು ವರ್ಷದೊಳಗೆ ಹೆಣ್ಣುಮಗಳು ಆತ್ಮಹತ್ಯೆ ಮಾಡಿಕೊಂಡರೆ ಅಥವಾ ಸಂಶಯಾಸ್ಪದವಾಗಿ ಸತ್ತರೆ ವಿಚಾರಣೆಯ ನಿಯಮ ಇನ್ನೂ ಬಿಗಿ. ಪೋಸ್ಟ್‌ಮಾರ್ಟಮ್ ಎಂದರೆ ಮಯ್ಯತ್‌ಗೆ ನೋವು ಎಂದು ಹಲವರು ಬಚ್ಚಿಡುತ್ತಾರೆ. ಆಮೇಲೆ ದೂರು ಬಂದರೆ ಕಬರ್ ಅಗೆಯಬೇಕಾದೀತು. ಅದು ಇನ್ನೂ ದೊಡ್ಡ ನೋವು. ಅಪಘಾತದ ವಿಮೆಗೂ ಪೋಸ್ಟ್‌ಮಾರ್ಟಮ್ ವರದಿ ಕೇಳುತ್ತಾರೆ. ಇಂಥ ಮಯ್ಯತ್‌ಗೆ ಹೊಲಿಗೆಯ ಮೇಲೆ ಹತ್ತಿ ಇಟ್ಟು, ನೀರು ಒಳಹೋಗದಂತೆ ಅಂಟುಪಟ್ಟಿ ಹಾಕಿ, ಉಜ್ಜದೆ ಮೆಲ್ಲಗೆ ನೀರು ಹುಯ್ಯಿರಿ.

ಗುಸಲ್ ಕೊಡುವವರ ಸುರಕ್ಷತೆ

ನೀರು, ಬಾರೆ ಎಲೆ, ಕೊನೆಗೆ ಕರ್ಪೂರ - ಇದು ಹದೀಸಿನಲ್ಲಿ ಬಂದ ವಿಧಾನ. ಇದರ ಜೊತೆ ಇಂದು ಕೈಗವಸು, ಮಾಸ್ಕ್, ಪ್ಲಾಸ್ಟಿಕ್ ಏಪ್ರನ್ ಸೇರಲಿ. ಹೆಪಟೈಟಿಸ್ ಬಿ ರಕ್ತ ಮತ್ತು ದೇಹದ್ರವದಿಂದ ಹರಡುತ್ತದೆ. ಕ್ಷಯ ರೋಗಿಯ ಹೊಟ್ಟೆ ಒತ್ತುವಾಗ, ದೇಹ ಎತ್ತುವಾಗ ಶ್ವಾಸಕೋಶದ ಗಾಳಿ ಹೊರಬರಬಹುದು. ಕಿಟಕಿ ತೆರೆದಿಡಿ, ಹೊಟ್ಟೆಯನ್ನು ಹಗುರವಾಗಿಯೇ ಒತ್ತಿ.

ರೋಗ ಯಾವುದೆಂದು ಗುಸಲ್ ಕೊಡುವವರಿಗೆ ಮನೆಯವರು ಮುಚ್ಚಿಡಬಾರದು. ತಿಳಿದವರು ಅದನ್ನು ಹೊರಗೆ ಹೇಳಬಾರದು. ಮಯ್ಯತ್‌ನ ಗುಟ್ಟು ಕಾಯುವುದು ಅಮಾನತ್. ಊರಿನ ಮಯ್ಯತ್‌ಗಳಿಗೆಲ್ಲ ಗುಸಲ್ ಕೊಡುವ ಗಂಡಸರು, ಹೆಂಗಸರು ಹೆಚ್ಚಾಗಿ ಬಡವರು. ಅವರಿಗೆ ಹೆಪಟೈಟಿಸ್ ಬಿ ಲಸಿಕೆಯ ಮೂರು ಡೋಸ್‌ಗಳನ್ನು (ಮೊದಲನೆಯದು, ಒಂದು ತಿಂಗಳಿಗೆ, ಆರು ತಿಂಗಳಿಗೆ) ಜಮಾಅತ್ ತನ್ನ ಖರ್ಚಿನಲ್ಲಿ ಹಾಕಿಸಲಿ. ಮುಂದಿನ ಸಭೆಯಲ್ಲಿ ನೀವೇ ಈ ಮಾತು ಎತ್ತಿ.

ಗುಸಲ್‌ನ ನೀರು ಬಾವಿಯ ಕಡೆ ಹರಿಯದಿರಲಿ. ಒಂದು ಲೀಟರ್ ತಣ್ಣೀರಿಗೆ ಸುಮಾರು 30 ಗ್ರಾಂ ಬ್ಲೀಚಿಂಗ್ ಪೌಡರ್ ಕಲಸಿ ಹಲಗೆ, ನೆಲ ತೊಳೆಯಿರಿ. ಅದಕ್ಕೆ ಆಸಿಡ್ ಬೆರೆಸಬೇಡಿ, ವಿಷಗಾಳಿ ಏಳುತ್ತದೆ.

ಕಬರ್ ಮತ್ತು ಮಳೆ

ಕಣಕುಂಬಿ, ಜಾಂಬೋಟಿ ಕಡೆಯ ಮಳೆ ನಿಮಗೆ ಗೊತ್ತು. ಆಷಾಢದಲ್ಲಿ ಅಗೆದ ಕಬರಿನಲ್ಲಿ ನೀರು ಜಿನುಗುತ್ತದೆ. ಕಬರಸ್ತಾನದ ಎತ್ತರದ ಭಾಗವನ್ನು ಮಳೆಗಾಲಕ್ಕೆಂದು ಮೀಸಲಿಡಿ. ತಾಡಪತ್ರಿ, ಹಲಗೆಗಳನ್ನು ಮಸೀದಿಯಲ್ಲಿ ಇಟ್ಟಿರಿ. ಕುಡಿಯುವ ನೀರಿನ ಬಾವಿ, ಹಳ್ಳದ ಹತ್ತಿರ ಕಬರ್ ಬೇಡ.

ನೋಂದಣಿ

ಮರಣವನ್ನು 21 ದಿನದೊಳಗೆ ನೋಂದಾಯಿಸಬೇಕು. ಸಾವು ಎಲ್ಲಿ ಆಯಿತೋ ಅಲ್ಲೇ ನೋಂದಣಿ. ಬೆಳಗಾವಿಯಲ್ಲಿ ತೀರಿಕೊಂಡವರ ಪ್ರಮಾಣಪತ್ರಕ್ಕಾಗಿ ಖಾನಾಪುರದ ಕಚೇರಿ ಸುತ್ತಿ ಪ್ರಯೋಜನವಿಲ್ಲ. ಹೆಸರು ಆಧಾರ್‌ನಲ್ಲಿ ಇರುವಂತೆಯೇ ಬರೆಸಿ. ಒಂದಕ್ಷರ ತಪ್ಪಿದರೂ ವಿಧವಾ ಪಿಂಚಣಿ, ಬ್ಯಾಂಕು, ವಾರಸಾ ಎಲ್ಲದಕ್ಕೂ ಅಡ್ಡಿ. ಮನೆಯಲ್ಲಿ ತೀರಿಕೊಂಡರೆ, ಕೊನೆಯ ಕಾಯಿಲೆಗೆ ಚಿಕಿತ್ಸೆ ಕೊಟ್ಟ ವೈದ್ಯರಿಂದ ಸಾವಿನ ಕಾರಣದ ಪತ್ರ ಪಡೆಯಿರಿ. ಅದಕ್ಕೆ ಶುಲ್ಕವಿಲ್ಲ. ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶ ಬೇಕು.

ನಿಮ್ಮ ಬಗ್ಗೆ ನೀವೇ ಬರೆದಿಡಿ

ಇಂದೇ ಒಂದು ಹಾಳೆ ತೆಗೆದುಕೊಳ್ಳಿ. ಕೊಡಬೇಕಾದ ಸಾಲ, ಬಾಕಿ ಮೆಹರ್, ಇಟ್ಟುಕೊಂಡ ಅಮಾನತ್, ಬ್ಯಾಂಕಿನ ಮಾಹಿತಿ, ಗುಸಲ್ ಯಾರು ಕೊಡಬೇಕು, ಎಲ್ಲಿ ದಫನ್ - ಎಲ್ಲ ಬರೆಯಿರಿ. ವಾರಸುದಾರರಲ್ಲದವರಿಗೆ ಅಥವಾ ಒಳ್ಳೆಯ ಕೆಲಸಕ್ಕೆ ಆಸ್ತಿಯ ಮೂರನೇ ಒಂದು ಭಾಗದೊಳಗೆ ವಸಿಯ್ಯತ್ ಮಾಡಬಹುದು. ಸಾಲ ತಂದು ಚಾಲೀಸವಾ ಊಟ ಹಾಕಬೇಡಿ ಎಂದೂ ಬರೆಯಿರಿ. ಸಾವಿನ ಮನೆಗೆ ಅಡುಗೆ ಮಾಡಿ ಕಳಿಸುವುದು ನೆರೆಯವರ ಸುನ್ನತ್. ಊಟದ ಜೊತೆ ಆ ಮನೆಯ ಶುಗರ್, ಬಿಪಿ ಇರುವವರು ಮಾತ್ರೆ ತೆಗೆದುಕೊಂಡರಾ ಎಂದು ಕೇಳಿ.

ಹಾಳೆಯನ್ನು ಕಪಾಟಿನಲ್ಲಿಟ್ಟು ಇಬ್ಬರಿಗೆ ಹೇಳಿ. ಇದನ್ನು ಬರೆದರೆ ಸಾವು ಬೇಗ ಬರುವುದಿಲ್ಲ. ಬಂದ ದಿನ ಮಕ್ಕಳು ಕಾಗದ ಹುಡುಕುತ್ತ ಕೂರದೆ ನಿಮಗಾಗಿ ದುಆ ಮಾಡಲು ಸಮಯ ಸಿಗುತ್ತದೆ.