ಹೊಲಿಗೆ ನೋಡಿ ಬ್ಯಾಗು ಕೊಳ್ಳಿ

ಪ್ರಯಾಣಕ್ಕೊಂದು ಬ್ಯಾಗು ಬೇಕೆಂದು ಅಂಗಡಿಗೆ ಹೋದವರ ಕಣ್ಣಿಗೆ ಮೊದಲು ಬೀಳುವುದು ಅದಕ್ಕೆ ನೇತುಹಾಕಿದ ಚೀಟಿ. ಬಟ್ಟೆ ಇಷ್ಟು ಡೆನಿಯರ್, ಜಾಗ ಇಷ್ಟು ಲೀಟರ್, ಜೇಬು ಇಷ್ಟು, ನೀರು ಒಳಗಿಳಿಯುವುದಿಲ್ಲ, ವಾರಂಟಿ ಇಷ್ಟು ವರ್ಷ. ಮಾರುವವರೂ ಬಟ್ಟೆಯನ್ನು ಉಗುರಿನಿಂದ ಗೀರಿ, ಎರಡೂ ಕೈಯಲ್ಲಿ ಹಿಡಿದು ಜಗ್ಗಿ, 'ನೋಡಿ ಸಾರ್, ಏನೂ ಆಗಲ್ಲ' ಎನ್ನುತ್ತಾರೆ. ಅವರ ಮಾತು ನಿಜ, ಬಟ್ಟೆಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಆದರೆ ಬಸ್ ನಿಲ್ದಾಣದ ಪಕ್ಕದಲ್ಲೋ ಮಾರುಕಟ್ಟೆಯ ಮೂಲೆಯಲ್ಲೋ ಹೊಲಿಗೆ ಯಂತ್ರ ಹಾಕಿಕೊಂಡು ಕೂತ ಬ್ಯಾಗ್ ರಿಪೇರಿಯವರ ಮುಂದಿನ ರಾಶಿಯನ್ನು ಒಮ್ಮೆ ಗಮನಿಸಬೇಕು. ಒಂದರ ಜಿಪ್ಪಿನ ರನ್ನರ್ ಸವೆದಿರುತ್ತದೆ, ಇನ್ನೊಂದರ ಹೆಗಲಪಟ್ಟಿ ಬುಡದಲ್ಲೇ ಕಿತ್ತುಬಂದಿರುತ್ತದೆ, ಮತ್ತೊಂದರ ತಳದ ಮೂಲೆ ಉಜ್ಜಿ ಉಜ್ಜಿ ತೂತು ಬಿದ್ದಿರುತ್ತದೆ. ನಡುಬಟ್ಟೆಯೇ ಹರಿದು ಅಲ್ಲಿಗೆ ಬಂದ ಬ್ಯಾಗು ಅಪರೂಪ. ಹಾಗಾಗಿ ಬ್ಯಾಗಿನ ಬಾಳಿಕೆಯನ್ನು ಅಳೆಯಬೇಕಾದದ್ದು ಒಂದು ಭಾಗ ಇನ್ನೊಂದಕ್ಕೆ ಸೇರುವ ಜಾಗಗಳಲ್ಲಿ, ಮತ್ತು ಆ ಜಾಗ ಕೈಕೊಟ್ಟಾಗ ಅದೇ ರಿಪೇರಿಯವರು ಸರಿಪಡಿಸಬಲ್ಲರೇ ಎಂಬುದರಲ್ಲಿ ಎಂಬುದು ನನ್ನ ವಾದ. ಚೀಟಿಯಲ್ಲಿ ಇವೆರಡರ ಸುದ್ದಿಯೇ ಇರುವುದಿಲ್ಲ.

ಮೊದಲು ಡೆನಿಯರ್ ವಿಚಾರ ಮುಗಿಸಿಬಿಡೋಣ, ಯಾಕೆಂದರೆ ಜನ ಹೆಚ್ಚು ಮರುಳಾಗುವುದು ಈ ಸಂಖ್ಯೆಗೆ. 9000 ಮೀಟರ್ ಉದ್ದದ ಎಳೆ ಎಷ್ಟು ಗ್ರಾಂ ತೂಗುತ್ತದೋ ಅದೇ ಅದರ ಡೆನಿಯರ್. ಅಂದರೆ ಅದು ಎಳೆಯ ದಪ್ಪವನ್ನು ಹೇಳುತ್ತದೆಯೇ ಹೊರತು ಗಟ್ಟಿತನವನ್ನಲ್ಲ. 600 ಡೆನಿಯರ್‌ನ ಪಾಲಿಯೆಸ್ಟರ್‌ಗಿಂತ 420 ಡೆನಿಯರ್‌ನ ಒಳ್ಳೆಯ ನೈಲಾನ್ ಉಜ್ಜಾಟವನ್ನು ಹೆಚ್ಚು ತಾಳಿಕೊಳ್ಳಬಹುದು. ಬಿಸಿಲಿನ ವಿಚಾರಕ್ಕೆ ಬಂದರೆ ಪಾಲಿಯೆಸ್ಟರ್ ಮೇಲು, ಅದರ ಬಣ್ಣವೂ ಕಸುವೂ ಬೇಗ ಇಳಿಯುವುದಿಲ್ಲ. ನೇಯ್ಗೆ ಎಷ್ಟು ಬಿಗಿ, ಹಿಂಬದಿಯ ಲೇಪ ಯಾವುದು ಎನ್ನುವುದೂ ಲೆಕ್ಕಕ್ಕೆ ಬರುತ್ತದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಡ್ಯುಪಾಂಟ್ ಕಂಪನಿ ವಿಮಾನದ ಸಿಬ್ಬಂದಿಯ ರಕ್ಷಣಾ ಜಾಕೆಟ್ಟಿಗೆಂದು ರೂಪಿಸಿದ ಬ್ಯಾಲಿಸ್ಟಿಕ್ ನೈಲಾನ್ ಇಂದು ದುಬಾರಿ ಬ್ಯಾಗುಗಳ ಹೆಮ್ಮೆ. ಚೂರುಗಳು ಸಿಡಿದು ಬರುವ ಕಡೆ ಬೇಕಾಗಿದ್ದ ಬಟ್ಟೆಯನ್ನು ಹುಬ್ಬಳ್ಳಿ ಗಾಡಿಯ ಸೀಟಿನ ಕೆಳಗೆ ತಳ್ಳುವ ಬ್ಯಾಗಿಗೆ ಹಾಕಿದರೆ ಕೆಡುಕೇನೂ ಇಲ್ಲ, ಆದರೆ ಅದರ ತೂಕವನ್ನು ಹೊರಬೇಕಾದವರು ನಾವು. ನಮ್ಮ ವಿಮಾನಯಾನ ಕಂಪನಿಗಳು ಸಾಮಾನ್ಯವಾಗಿ ಕ್ಯಾಬಿನ್ನಿನೊಳಗೆ ಬಿಡುವುದು 7 ಕಿಲೋ. ಬ್ಯಾಗೇ 2 ಕಿಲೋ ಇದ್ದರೆ ಬಟ್ಟೆಬರೆಗೆ ಉಳಿಯುವುದು 5 ಕಿಲೋ. ಉಜ್ಜುವುದು ತಳವಾದ್ದರಿಂದ ದಪ್ಪ ಬಟ್ಟೆ ತಳಕ್ಕಿದ್ದರೆ ಸಾಕು, ಮೈಗೆ 400ರಿಂದ 600 ಡೆನಿಯರ್ ಧಾರಾಳ.

ಈಗ ಬ್ಯಾಗನ್ನು ಒಳಹೊರಗು ಮಾಡಿ. ಪೂರ್ತಿ ತಿರುಗಿಸಲು ಅಂಗಡಿಯವರು ಬಿಡದಿದ್ದರೂ ಜಿಪ್ ಪೂರ್ತಿ ತೆರೆದು, ಒಳಗೆ ಕೈ ಹಾಕಿ, ಹೆಗಲಪಟ್ಟಿ ಬೆನ್ನಿಗೆ ಸೇರುವ ಜಾಗವನ್ನು ಬೆರಳಿನಿಂದ ತಡವಿ ನೋಡಬಹುದು. ತುಂಬಿದ ಬ್ಯಾಗನ್ನು ನಾವು ಎರಡೂ ಹೆಗಲಿಗೆ ಸಮನಾಗಿ ಏರಿಸಿಕೊಳ್ಳುವುದು ಕಡಿಮೆ. ಒಂದೇ ಪಟ್ಟಿ ಹಿಡಿದು ಎತ್ತಿ ಎಸೆದುಕೊಳ್ಳುತ್ತೇವೆ, ಬಸ್ಸಿನ ಡಿಕ್ಕಿಯಿಂದ ಅದೇ ಪಟ್ಟಿ ಹಿಡಿದು ಎಳೆಯುತ್ತೇವೆ. ಆ ಜಗ್ಗಾಟದಲ್ಲಿ ಪಟ್ಟಿಯ ಬುಡಕ್ಕೆ ಬೀಳುವ ಭಾರ ಬ್ಯಾಗಿನ ತೂಕವನ್ನು ಮೀರಿ ಹೋಗುತ್ತದೆ. ಅಗ್ಗದ ಬ್ಯಾಗಿನಲ್ಲಿ ಪಟ್ಟಿಯ ತುದಿಯನ್ನು ಎರಡು ಬಟ್ಟೆಗಳ ನಡುವೆ ಸಿಕ್ಕಿಸಿ ಒಂದೇ ಸಾಲು ಹೊಲಿಗೆ ಓಡಿಸಿರುತ್ತಾರೆ. ಒಳ್ಳೆಯದರಲ್ಲಿ ಪಟ್ಟಿ ಒಂದಿಷ್ಟು ಒಳಗೆ ಹಾದು, ಅದರ ಮೇಲೆ ಚೌಕ ಹೊಲಿಗೆ, ಚೌಕದೊಳಗೆ ಅಡ್ಡಗೀಟಿನ ಹೊಲಿಗೆ ಬಿದ್ದಿರುತ್ತದೆ. ಇಲ್ಲವೇ ಒತ್ತೊತ್ತಾಗಿ ಹಿಂದೆಮುಂದೆ ಓಡಿದ ಸಣ್ಣ ಗಟ್ಟಿ ಗೆರೆ ಇರುತ್ತದೆ, ಗಾರ್ಮೆಂಟ್ಸ್ ಕೆಲಸದವರು ಅದನ್ನು ಬಾರ್‌ಟ್ಯಾಕ್ ಎನ್ನುತ್ತಾರೆ. ನಮ್ಮ ಜೀನ್ಸಿನ ಬೆಲ್ಟ್ ಲೂಪಿನ ತುದಿಯಲ್ಲಿರುವುದೂ ಅದೇ. ಕೆಳಗಿನ ಪಟ್ಟಿ ಮೂಲೆಗೆ ಸೇರುವಲ್ಲಿ ತ್ರಿಕೋನಾಕಾರದ ಬಟ್ಟೆಯ ತುಂಡೊಂದು ಇದ್ದರೆ ಭಾರ ಒಂದು ಬಿಂದುವಿಗೆ ಬೀಳದೆ ಉದ್ದಕ್ಕೂ ಹಂಚಿಹೋಗುತ್ತದೆ.

ಹೊಲಿಗೆ ಒತ್ತಾಗಿದ್ದಷ್ಟೂ ಗಟ್ಟಿ ಎಂಬ ತಿಳಿವಳಿಕೆ ಅರ್ಧ ಸತ್ಯ. ಬಾರ್‌ಟ್ಯಾಕಿನಂಥ ಚಿಕ್ಕ ಜಾಗದಲ್ಲಿ, ಕೆಳಗೆ ಹಲವು ಪದರ ಇರುವಲ್ಲಿ, ಒತ್ತು ಹೊಲಿಗೆ ಸರಿ. ಆದರೆ ಒಂಟಿ ಪದರದ ಉದ್ದ ಅಂಚಿನಲ್ಲಿ ಸೂಜಿಯ ತೂತುಗಳು ತೀರಾ ಹತ್ತಿರ ಬಿದ್ದರೆ ಬಟ್ಟೆ ಅಂಚೆಚೀಟಿಯ ಹಾಳೆಯಂತಾಗಿ ಅದೇ ಗೆರೆಯಲ್ಲಿ ಬಿಟ್ಟುಕೊಳ್ಳುತ್ತದೆ. ಇನ್ನೊಂದು ಪರೀಕ್ಷೆ ಕತ್ತರಿಸಿದ ಅಂಚಿನದು. ಒಳಗಡೆ ಅಂಚು ಬೆತ್ತಲೆಯಾಗಿದ್ದು, ಹೊಲಿಗೆ ಅದಕ್ಕೆ ಎರಡು ಮೂರು ಮಿಲಿಮೀಟರ್ ದೂರದಲ್ಲೇ ಓಡಿದ್ದರೆ ಎಳೆಗಳು ಸಡಿಲವಾಗಿ ನುಸುಳಿ ಬರಲು ಹೆಚ್ಚು ಕಾಲ ಬೇಡ. ಅಂಚಿಗೆ ಟೇಪು ಮಡಿಸಿ ಹೊಲಿದಿದ್ದರೆ ಹಾಕಿದ ದುಡ್ಡಿಗೆ ಮೋಸವಿಲ್ಲ. ಲೈನಿಂಗ್ ಹಾಕಿ ಒಳಗಿನ ಹೊಲಿಗೆಯನ್ನು ಪೂರ್ತಿ ಮುಚ್ಚಿದ ಬ್ಯಾಗುಗಳ ಬಗ್ಗೆ ನನಗೊಂದು ಅನುಮಾನ ಇದ್ದೇ ಇದೆ. ಚೆಂದಕ್ಕೆ ಮುಚ್ಚುವವರೂ ಇದ್ದಾರೆ, ಕೆಲಸ ಕಾಣಬಾರದೆಂದು ಮುಚ್ಚುವವರೂ ಇದ್ದಾರೆ, ಹೊರಗಿನಿಂದ ನೋಡಿ ಹೇಳುವುದು ಕಷ್ಟ.

ಎಲ್ಲಕ್ಕಿಂತ ಹೆಚ್ಚು ಹೊತ್ತು ನಿಂತು ನೋಡಬೇಕಾದದ್ದು ಜಿಪ್. ಬ್ಯಾಗಿನಲ್ಲಿ ಚಲಿಸುವ ಭಾಗ ಅದೊಂದೇ, ಆದ್ದರಿಂದ ಸವೆಯುವ ಭಾಗವೂ ಅದೇ. ರನ್ನರಿನ ಹಿಂಬದಿಯಲ್ಲಿ ಅನೇಕ ವೇಳೆ 3, 5, 8, 10 ಎಂಬ ಸಂಖ್ಯೆಗಳಲ್ಲಿ ಒಂದನ್ನು ಅಚ್ಚೊತ್ತಿರುತ್ತಾರೆ. ಮುಚ್ಚಿದ ಹಲ್ಲಿನ ಸಾಲು ಸುಮಾರು ಎಷ್ಟು ಮಿಲಿಮೀಟರ್ ಅಗಲ ಎಂಬುದರ ಸೂಚನೆ ಅದು. ಹೊರಜೇಬಿಗೆ 5 ಸಾಕು, ಬಟ್ಟೆ ತುರುಕಿ ಎಳೆದು ಮುಚ್ಚುವ ಮುಖ್ಯ ಬಾಯಿಗೆ 8 ಅಥವಾ 10 ಇರಬೇಕು. ಹಲ್ಲಿನಲ್ಲೂ ಜಾತಿಗಳಿವೆ. ಲೋಹದ ಹಲ್ಲು ನೋಡಲು ಗಟ್ಟಿ, ಆದರೆ ಮಂಗಳೂರು, ಕಾರವಾರದ ಉಪ್ಪುಗಾಳಿಗೆ ಕಿಲುಬುತ್ತದೆ. ಒಂದೊಂದೇ ಬಿಡಿ ಹಲ್ಲಿರುವ ದಪ್ಪ ಪ್ಲಾಸ್ಟಿಕ್ ಜಿಪ್ಪು ಧೂಳಿಗೆ ಜಗ್ಗುವುದಿಲ್ಲ, ಆದರೆ ಒಂದು ಹಲ್ಲು ಮುರಿದರೆ ಇಡೀ ಜಿಪ್ಪನ್ನೇ ಬದಲಾಯಿಸಬೇಕು. ಸುರುಳಿಯಾಗಿ ಸುತ್ತಿದ ನೈಲಾನ್ ಎಳೆಯ ಜಿಪ್ಪು ಕೈಗೆ ಮೆತ್ತಗೆ, ಕಣ್ಣಿಗೆ ಬಡಕಲು. ಆದರೂ ಪ್ರಯಾಣಕ್ಕೆ ಹೆಚ್ಚು ಒಗ್ಗುವುದು ಅದೇ. ಮೂಲೆಯಲ್ಲಿ ಸರಾಗವಾಗಿ ತಿರುಗುತ್ತದೆ, ಒತ್ತಡಕ್ಕೆ ನಡುವೆ ಬಾಯಿ ಬಿಟ್ಟರೂ ರನ್ನರನ್ನು ಹಿಂದಕ್ಕೆ ತಂದು ಮತ್ತೆ ಎಳೆದರೆ ಬಹಳ ಸಲ ಕೂಡಿಕೊಳ್ಳುತ್ತದೆ. 1934ರಲ್ಲಿ ತಡಾವೊ ಯೋಶಿದಾ ಟೋಕಿಯೋದಲ್ಲಿ ಆರಂಭಿಸಿದ ಸಂಸ್ಥೆಯಿಂದ ಬೆಳೆದ ವೈಕೆಕೆಯ ಜಿಪ್ಪಿಗೆ ಒಳ್ಳೆಯ ಹೆಸರಿದೆ. ಆ ಮೂರಕ್ಷರದ ನಕಲಿಗಳೂ ಇರುವುದರಿಂದ ಅಕ್ಷರ ಓದಿ ಸುಮ್ಮನಾಗದೆ ಎಳೆದು ನೋಡುವುದೇ ಲೇಸು. ಬ್ಯಾಗಿನೊಳಗೆ ಅಂಗಡಿಯಲ್ಲಿ ಸಿಕ್ಕಿದ್ದನ್ನೆಲ್ಲ ತುಂಬಿಸಿ, ಒಂದೇ ಕೈಯಲ್ಲಿ ರನ್ನರನ್ನು ಮೂಲೆ ಸುತ್ತಿ ಎಳೆಯಿರಿ. ಖಾಲಿ ಬ್ಯಾಗಿನ ಜಿಪ್ಪು ಎಲ್ಲಿಯೂ ಸಿಕ್ಕಿಕೊಳ್ಳುವುದಿಲ್ಲ.

ಜಿಪ್ಪು ಹೋಯಿತೆಂದು ಬ್ಯಾಗನ್ನೇ ಬಿಸಾಡುವವರು ತಿಳಿಯಬೇಕಾದ್ದು ಒಂದಿದೆ. ಮುಚ್ಚಿದಂತೆ ಮುಚ್ಚಿ ಹಿಂದೆಯೇ ಬಿಚ್ಚಿಕೊಳ್ಳುವ ಜಿಪ್ಪಿನಲ್ಲಿ ಹಲ್ಲುಗಳು ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತವೆ. ಧೂಳು ಹಿಡಿದ ಹಲ್ಲುಗಳ ಮೇಲೆ ಓಡಾಡಿ ರನ್ನರಿನ ಬಾಯಿ ಅಗಲವಾಗಿರುತ್ತದೆ, ಅದಕ್ಕೆ ಎರಡು ಸಾಲನ್ನು ಒತ್ತಿ ಕೂಡಿಸುವ ಬಿಗಿ ಸಾಲದು. ರಿಪೇರಿಯವರು ಇಕ್ಕಳದಲ್ಲಿ ರನ್ನರಿನ ಎರಡೂ ಬದಿಯನ್ನು ಹಗುರವಾಗಿ ಅದುಮಿ ಕೊಡುವುದು ಇದಕ್ಕೇ. ಅದೂ ಸಾಲದಿದ್ದರೆ ಹೊಸ ರನ್ನರ್ ಏರಿಸುತ್ತಾರೆ, ಜಿಪ್ ಹಾಗೆಯೇ ಉಳಿಯುತ್ತದೆ. ಆದರೆ ಈ ಉಪಾಯ ನಡೆಯುವುದು ರನ್ನರ್ ಮಾಮೂಲಿ ಅಳತೆಯದ್ದಾಗಿದ್ದರೆ. ಕಂಪನಿಗೇ ವಿಶೇಷವಾದ ಆಕಾರದ ರನ್ನರ್, ಅಚ್ಚಿನಲ್ಲೇ ಎರಕ ಹೊಯ್ದು ಬಟ್ಟೆಗೆ ಅಂಟಿಸಿದ ಬಕಲ್, ಹೊಲಿಗೆಯೇ ಇಲ್ಲದೆ ಬಿಸಿಯಲ್ಲಿ ಬೆಸೆದ ಕೂಡುಗಳು ಇವೆಲ್ಲ ಹೊಸದರಲ್ಲಿ ಸೊಗಸು. ಕೆಟ್ಟ ದಿನ ಅವುಗಳನ್ನು ಮುಟ್ಟಬಲ್ಲವರು ಊರಿನಲ್ಲಿ ಯಾರೂ ಇರುವುದಿಲ್ಲ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ. ವಾರಂಟಿ ಇರುವಾಗ ಬೀದಿಯ ರಿಪೇರಿ ಯಾಕೆ ಬೇಕು? ವಾರಂಟಿ ಪತ್ರವನ್ನು ಪೂರ್ತಿ ಓದಿದವರಿಗೆ ಉತ್ತರ ಅಲ್ಲೇ ಸಿಗುತ್ತದೆ. ತಯಾರಿಕೆಯ ದೋಷಕ್ಕೆ ಜವಾಬ್ದಾರಿ ಹೊರುವ ಕಂಪನಿಗಳು ಬಳಕೆಯ ಸವೆತವನ್ನು ಸಾಮಾನ್ಯವಾಗಿ ಹೊರಗಿಡುತ್ತವೆ. ಬ್ಯಾಗು ಕೆಡುವುದೇ ಸವೆತದಿಂದ. ಮಾತಿನಂತೆ ನಡೆದುಕೊಳ್ಳುವ ಕಂಪನಿಗಳು ಇಲ್ಲವೆಂದಲ್ಲ, ಆದರೆ ಬ್ಯಾಗನ್ನು ಕಳಿಸಿ ವಾರಗಟ್ಟಲೆ ಕಾಯಬೇಕು, ಪ್ರಯಾಣದ ನಡುವೆ ಹೊಸಪೇಟೆಯಲ್ಲಿ ಪಟ್ಟಿ ಕಿತ್ತರೆ ಆ ಪತ್ರದಿಂದ ಆಗುವುದೇನೂ ಇಲ್ಲ.

ನೀರಿನ ವಿಚಾರದಲ್ಲೂ ಜಗಳ ಹೊಲಿಗೆಯೊಂದಿಗೇ. ಬಟ್ಟೆಯ ಹಿಂಬದಿಗೆ ಲೇಪ ಇರುವುದರಿಂದ ಬಟ್ಟೆ ನೀರು ಬಿಡುವುದಿಲ್ಲ ಎನ್ನುವುದು ಸುಳ್ಳಲ್ಲ. ನೀರು ಸೂಜಿಯ ತೂತಿನಿಂದ, ಜಿಪ್ಪಿನ ಹಲ್ಲಿನ ನಡುವಿನಿಂದ ಬರುತ್ತದೆ. ಆಗುಂಬೆ ಘಾಟಿಯ ಮಳೆಯಲ್ಲಿ ಅರ್ಧ ಗಂಟೆ ನಡೆದರೆ ಚೀಟಿಯ ಮಾತಿನ ಬಣ್ಣ ಬಯಲಾಗುತ್ತದೆ. ಮೇಲುಹೊದಿಕೆ ಹಾಕಿದರೂ ಬೆನ್ನಿನ ಕಡೆ ತೆರೆದೇ ಇರುವುದರಿಂದ ಕತ್ತಿನಿಂದ ಇಳಿದ ನೀರು ಅಲ್ಲಿಂದ ಸೇರುತ್ತದೆ. ಬ್ಯಾಗಿನ ಒಳಗೆ ದಪ್ಪ ಪ್ಲಾಸ್ಟಿಕ್ ಕವರ್ ಇಟ್ಟು, ಅದರಲ್ಲಿ ಬಟ್ಟೆ ತುಂಬಿ, ಬಾಯಿ ತಿರುಚಿ ಕಟ್ಟುವುದು ಇದಕ್ಕಿಂತ ಅಗ್ಗ, ಇದಕ್ಕಿಂತ ಖಚಿತ. ಆ ಲೇಪದಿಂದ ಇನ್ನೊಂದು ತಾಪತ್ರಯವೂ ಇದೆ. ಹೆಚ್ಚಿನ ಬ್ಯಾಗುಗಳಲ್ಲಿ ಅದು ಪಾಲಿಯುರೆಥೇನ್. ತೇವ ಮತ್ತು ಸೆಕೆಗೆ ಅದರ ಅಣುಗಳ ಬಂಧ ಬಿಟ್ಟುಕೊಳ್ಳುತ್ತದೆ. ಕರಾವಳಿ, ಮಲೆನಾಡಿನ ಮನೆಗಳಲ್ಲಿ ಅಟ್ಟಕ್ಕೆ ಹಾಕಿಟ್ಟ ಬ್ಯಾಗು ಬಳಸದೆಯೂ ಕೆಡುವುದು ಹೀಗೆ. ಒಳಗೆ ಅಂಟಂಟು, ಒಂದು ಥರದ ಹುಳಿ ವಾಸನೆ, ಮುಟ್ಟಿದರೆ ಬಿಳಿ ಹೊಟ್ಟು. ಒದ್ದೆ ಬ್ಯಾಗನ್ನು ಒಣಗಿಸದೆ ಪ್ಲಾಸ್ಟಿಕ್‌ನಲ್ಲಿ ಸುತ್ತಿ ಎತ್ತಿಡುವುದು, ವಾಷಿಂಗ್ ಮೆಷಿನ್ನಿಗೆ ಹಾಕುವುದು ಎರಡೂ ಈ ಕೆಡುಕನ್ನು ಹತ್ತಿರ ತರುತ್ತವೆ.

ಬೆನ್ನಿನ ಬ್ಯಾಗೋ ಡಫಲ್ಲೋ ಎಂಬ ಪ್ರಶ್ನೆಗೂ ಇದೇ ಅಳತೆಗೋಲು ಹಿಡಿಯಬಹುದು. ಕೂಡುಗಳು ಕಡಿಮೆಯಿದ್ದಷ್ಟೂ ಕೆಡುವ ಜಾಗ ಕಡಿಮೆ. ಡಫಲ್ ಅಂದರೆ ಒಂದು ಕೊಳವೆ, ಒಂದು ಜಿಪ್, ಎರಡು ಹಿಡಿಕೆ. ಹಿಡಿಕೆಯ ಪಟ್ಟಿ ತುಂಡು ತುಂಡಾಗಿರದೆ ತಳದ ಅಡಿಯಿಂದ ಸುತ್ತಿ ಬಂದಿದ್ದರೆ ಭಾರವನ್ನು ಪಟ್ಟಿಯೇ ಹೊರುತ್ತದೆ, ಬಟ್ಟೆಯ ಮೇಲೆ ಬೀಳುವುದಿಲ್ಲ. ಬಸ್ಸಿನ ಡಿಕ್ಕಿಗೆ, ಮದುವೆ ಮನೆಗೆ, ಕಾರಿಗೆ ಇದಕ್ಕಿಂತ ಅನುಕೂಲದ್ದು ಬೇರೆ ಇಲ್ಲ. ನಡೆಯುವುದು ಹೆಚ್ಚಿದ್ದರೆ ಮಾತ್ರ ಬೆನ್ನಿನ ಬ್ಯಾಗು ಬೇಕು, ಭಾರ ಹತ್ತು ಕಿಲೋ ಸಮೀಪಿಸಿದರೆ ಸೊಂಟಪಟ್ಟಿಯೂ ಬೇಕು. ಸ್ಲೀಪರ್ ಬೋಗಿಯಲ್ಲಿ 40 ಕಿಲೋವರೆಗೆ ರೈಲ್ವೆ ಉಚಿತವಾಗಿ ಬಿಡುತ್ತದೆ, ಹೆಗಲು ಬಿಡುವುದಿಲ್ಲ. ವಿಮಾನದ 55, 35, 25 ಸೆಂಟಿಮೀಟರ್ ಅಳತೆಯ ಡಬ್ಬಿಯೊಳಗೆ ಲೆಕ್ಕಕ್ಕೆ ಹಿಡಿಯುವುದೇ 48 ಲೀಟರ್ ಚಿಲ್ಲರೆ, ಆದ್ದರಿಂದ 40 ಲೀಟರ್ ದಾಟಿದ ಬ್ಯಾಗನ್ನು ಕ್ಯಾಬಿನ್ನಿಗೆ ಒಯ್ಯುವ ಆಸೆ ಇಟ್ಟುಕೊಳ್ಳಬಾರದು. ಚಕ್ರದ ಪೆಟ್ಟಿಗೆಯ ಪರ ವಾದಿಸುವವರ ಮಾತಿನಲ್ಲೂ ಹುರುಳಿದೆ. ವಯಸ್ಸಾದವರಿಗೆ, ಬೆನ್ನುನೋವಿದ್ದವರಿಗೆ ಅದೇ ಸರಿ. ಆದರೆ ಚಪ್ಪಡಿ ಎದ್ದ ಫುಟ್‌ಪಾತಿನಲ್ಲಿ, ರೈಲಿನ ಮೆಟ್ಟಿಲಲ್ಲಿ ಆ ಪೆಟ್ಟಿಗೆಯನ್ನು ಹೇಗೂ ಎತ್ತಲೇಬೇಕು, ಚಕ್ರ, ಹಿಡಿಕೆಗಳ ತೂಕದ ಸಮೇತ.

ಕೊನೆಗೆ ಉಳಿಯುವ ಆಕ್ಷೇಪ ದುಡ್ಡಿನದು, ಅದೇ ಎಲ್ಲಕ್ಕಿಂತ ಗಟ್ಟಿ. ನಾಲ್ಕು ಸಾವಿರದ ಬ್ಯಾಗು ಎಂಟು ವರ್ಷ ಬಂದರೆ ವರ್ಷಕ್ಕೆ ಐನೂರು, ಎಂಟುನೂರರ ಬ್ಯಾಗು ಒಂದೇ ವರ್ಷ ಬಂದರೆ ಅದೇ ದುಬಾರಿ ಎಂದು ಲೆಕ್ಕ ಹೇಳುವುದು ಸುಲಭ. ಹಾಸ್ಟೆಲಿಗೆ ಹೊರಟ ಹುಡುಗಿಯ ಮನೆಯಲ್ಲಿ ಇವತ್ತು ಇರುವುದೇ ಎಂಟುನೂರಾದರೆ ಆ ಲೆಕ್ಕಕ್ಕೆ ಅರ್ಥವಿಲ್ಲ. ಅಗ್ಗದ ಬ್ಯಾಗು ಕೊಳ್ಳಬೇಡಿ ಎಂದು ಅವರಿಗೆ ಹೇಳಬೇಕಾಗಿಯೂ ಇಲ್ಲ. ಕೆಡುವ ಜಾಗಗಳು ಮೂರೋ ನಾಲ್ಕೋ, ಅವು ಯಾವುವೆಂದು ಮೊದಲೇ ಗೊತ್ತು. ಹೊಸ ಬ್ಯಾಗನ್ನು ತುಂಬುವ ಮುಂಚೆಯೇ ರಿಪೇರಿ ಅಂಗಡಿಗೆ ಒಯ್ದು, ಹೆಗಲಪಟ್ಟಿಯ ನಾಲ್ಕೂ ಬುಡಕ್ಕೆ ಗಟ್ಟಿ ನೈಲಾನ್ ದಾರದಲ್ಲಿ ಚೌಕ ಹೊಲಿಗೆ, ತಳದ ಮೂಲೆಗಳಿಗೆ ರೆಕ್ಸಿನ್ ತುಂಡು ಹಾಕಿಸಬಹುದು. ಚೀಲ ಹರಿದ ಮೇಲೆ ಇದೇ ಕೆಲಸ ಮಾಡಿಸಿದರೆ ಹೊಲಿಗೆಗೆ ಹಿಡಿಯಲು ಗಟ್ಟಿ ಬಟ್ಟೆ ಉಳಿದಿರುವುದಿಲ್ಲ. ಹಾಗೆಯೇ ಮುಖ್ಯ ಜಿಪ್ಪಿಗೆ ಹೊಂದುವ ಒಂದೆರಡು ರನ್ನರನ್ನು ಅಲ್ಲೇ ಕೊಂಡು ಒಳಜೇಬಿಗೆ ಹಾಕಿಕೊಳ್ಳಬೇಕು. ಹೋದ ಊರಿನಲ್ಲಿ ಏರಿಸಿಕೊಡುವವರು ಸಿಗುತ್ತಾರೆ, ಅದೇ ಅಳತೆಯ ರನ್ನರ್ ಅವರ ಬಳಿ ಇದ್ದೇ ಇರುತ್ತದೆಂದು ಹೇಳಲಾಗದು.