ಕೊಲ್ಲಿಯಲ್ಲಿ ಕಲಿತ ಕಸುಬಿಗೆ ಊರಿನ ಕಾಗದ

ಕಾಸರಗೋಡು, ಮಂಜೇಶ್ವರದ ಕಡೆ ಕೊಲ್ಲಿ ದೇಶದ ಸಂಬಂಧವೇ ಇಲ್ಲದ ಓಣಿಯನ್ನು ಹುಡುಕುವುದು ಕಷ್ಟ. ದುಬಾಯಿ, ಮಸ್ಕತ್, ದಮ್ಮಾಮ್, ದೋಹಾ ಎಂಬ ಹೆಸರುಗಳು ನಮಗೆ ಕುಂಬಳೆ, ಉಪ್ಪಳದಷ್ಟೇ ಪರಿಚಿತ. ಹೋದವರ ಮಾತು, ಅವರು ಕಳಿಸಿದ ಹಣದ ಮಾತು, ಕಟ್ಟಿಸಿದ ಮನೆಯ ಮಾತು ಬೇಕಾದಷ್ಟು ಆಗಿದೆ. ಇವತ್ತು ಹಿಂದಿರುಗಿ ಬಂದವರ ವಿಷಯ ನೋಡೋಣ. ಅದರಲ್ಲಿಯೂ ಅಲ್ಲಿಯೇ ಕಸುಬು ಕಲಿತು ಬಂದ ವೆಲ್ಡರ್, ಎಲೆಕ್ಟ್ರಿಶಿಯನ್, ಪ್ಲಂಬರ್, ಎ.ಸಿ. ಮೆಕ್ಯಾನಿಕ್, ಬಡಗಿ, ಡ್ರೈವರ್ ಇವರಿಗೆ ಊರಿನಲ್ಲಿ ತಕ್ಕ ಕೆಲಸ ಸಿಗಬೇಕಾದರೆ ಏನು ಮಾಡಬೇಕು ಎಂಬುದು ಇಂದಿನ ವಿಷಯ.

ಹಿಂದಿರುಗುವುದು ಯಾವಾಗಲೂ ನಮ್ಮ ಇಷ್ಟದಂತೆ ನಡೆಯುವುದಿಲ್ಲ. 1990ರಲ್ಲಿ ಕುವೈತಿನ ಮೇಲೆ ಇರಾಕ್ ದಾಳಿ ಮಾಡಿದಾಗ ಉಟ್ಟ ಬಟ್ಟೆಯಲ್ಲಿ ಬಂದವರಿದ್ದಾರೆ. 2013ರಲ್ಲಿ ಸೌದಿಯಲ್ಲಿ ನಿತಾಕತ್ ನಿಯಮ ಬಿಗಿಯಾದಾಗ ಬಂದವರಿದ್ದಾರೆ. 2020ರಲ್ಲಿ ಕೊರೋನಾ ಕಾಲದಲ್ಲಿ ವಿಶೇಷ ವಿಮಾನಗಳಲ್ಲಿ ಬಂದವರಂತೂ ಲಕ್ಷಗಟ್ಟಲೆ. ಹೀಗೆ ಬಂದವರಲ್ಲಿ ಬಹಳ ಮಂದಿಯ ಕೈಯಲ್ಲಿ ವಿದ್ಯೆ ಇತ್ತು, ಪೆಟ್ಟಿಗೆಯಲ್ಲಿ ಕಾಗದ ಇರಲಿಲ್ಲ.

ಒಂದು ಉದಾಹರಣೆ ಕಲ್ಪಿಸಿಕೊಳ್ಳಿ. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಹೆಲ್ಪರಾಗಿ ಅಬುದಾಬಿಗೆ ಹೋದವನೊಬ್ಬ ಅಲ್ಲಿ ವಯರಿಂಗ್ ಕಲಿತು, ಫೋರ್‌ಮನ್‌ನ ಕೆಳಗೆ ಹತ್ತಾರು ಕಟ್ಟಡ ಮುಗಿಸಿ, ನಲವತ್ತನಾಲ್ಕನೆಯ ವಯಸ್ಸಿನಲ್ಲಿ ಊರಿಗೆ ಬರುತ್ತಾನೆ. ಇಲ್ಲಿಯ ಕಂತ್ರಾಟುದಾರ ಅವನಿಗಿಂತ ಚಿಕ್ಕವನು. ಮರ್ಯಾದೆಯಿಂದಲೇ ಕೇಳುತ್ತಾನೆ: "ಐ.ಟಿ.ಐ. ಸರ್ಟಿಫಿಕೇಟ್ ಉಂಟಾ ಅಣ್ಣ?" ಇವನು, "ಅದಿಲ್ಲ, ಇಪ್ಪತ್ತೆರಡು ವರ್ಷ ಇದೇ ಕೆಲಸ ಮಾಡಿದ್ದೇನೆ" ಎನ್ನುತ್ತಾನೆ. "ಅದು ಸರಿ ಅಣ್ಣ, ಕಾಗದ ಬೇಕಲ್ಲ. ಸದ್ಯಕ್ಕೆ ಹೆಲ್ಪರ್ ಲೆಕ್ಕದಲ್ಲಿ ಬನ್ನಿ." ಇಪ್ಪತ್ತೆರಡು ವರ್ಷದ ವಿದ್ಯೆ ಒಂದೇ ಮಾತಿನಲ್ಲಿ ಸೊನ್ನೆಯಾಯಿತು. ಇನ್ನು ಅವನು ನಿನ್ನೆ ಮೊನ್ನೆ ಐ.ಟಿ.ಐ. ಮುಗಿಸಿದ ಹುಡುಗನಿಗೆ ಏಣಿ ಹಿಡಿಯಬೇಕು.

ಇದರಲ್ಲಿ ಕಂತ್ರಾಟುದಾರನದು ಕೆಟ್ಟ ಬುದ್ಧಿ ಎನ್ನುವ ಹಾಗಿಲ್ಲ. ನಾಳೆ ಅಪಘಾತವಾದರೆ ವಿಮೆಯವರು ಕೇಳುವುದು ಕಾಗದವನ್ನು. ಇನ್‌ಸ್ಪೆಕ್ಟರ್ ಬಂದರೆ ಕೇಳುವುದೂ ಕಾಗದವನ್ನೇ. ಕೈಯ ಚಳಕವನ್ನು ಬೇರೊಬ್ಬರು ಓದಿ ತಿಳಿಯುವ ಹಾಗೆ ಬರೆದುಕೊಡುವುದೇ ಸರ್ಟಿಫಿಕೇಟಿನ ಕೆಲಸ. ಆದುದರಿಂದ ಆ ಕಾಗದವನ್ನು ಎಲ್ಲಿಂದ, ಹೇಗೆ ಪಡೆಯಬಹುದು ಎಂದು ಒಂದೊಂದಾಗಿ ಹೇಳುತ್ತೇನೆ.

ಮೊದಲನೆಯದು, ಹೊರಡುವ ಮುಂಚೆ ಅಲ್ಲಿಯೇ ಮಾಡಬೇಕಾದ ಕೆಲಸ. ಈಗ ನಿಮ್ಮ ಮನೆಯವರು ಯಾರಾದರೂ ಕೊಲ್ಲಿಯಲ್ಲಿದ್ದರೆ ಇಂದೇ ಫೋನಿನಲ್ಲಿ ಹೇಳಿ. ಅಲ್ಲಿಯ ಕಂಪೆನಿಯಿಂದ ಅನುಭವಪತ್ರ ಪಡೆಯಬೇಕು. ಅದರಲ್ಲಿ ಎಂದಿನಿಂದ ಎಂದಿನವರೆಗೆ, ಯಾವ ಕೆಲಸ, ಯಾವ ಯಂತ್ರ, ಯಾವ ಬಗೆಯ ಕಟ್ಟಡ ಅಥವಾ ಸ್ಥಾವರ ಎಂಬುದು ಇರಬೇಕು. ಇಲ್ಲಿ ಒಂದು ತೊಡಕಿದೆ. ವೀಸಾದಲ್ಲಿ ಬರೆದ ಹುದ್ದೆ ಒಂದು, ಮಾಡಿದ ಕೆಲಸ ಇನ್ನೊಂದು ಆಗಿರುವುದು ಬಹಳ ಸಾಮಾನ್ಯ. ಕೂಲಿಯವನೆಂಬ ವೀಸಾದಲ್ಲಿ ಹೋದವನು ಹತ್ತು ವರ್ಷ ವೆಲ್ಡಿಂಗ್ ಮಾಡಿರುತ್ತಾನೆ. ಕಚೇರಿಯವರು ವೀಸಾ ನೋಡಿ 'ಕೂಲಿ' ಎಂದು ಬರೆದುಕೊಟ್ಟರೆ ಆ ಪತ್ರದಿಂದ ಉಪಕಾರಕ್ಕಿಂತ ಅಪಕಾರವೇ ಹೆಚ್ಚು. ಮಾಡಿದ ಕೆಲಸದ ವಿವರವನ್ನು ಸೈಟ್ ಇಂಜಿನಿಯರರಿಂದಾದರೂ ಬರೆಸಿ, ಕಂಪೆನಿಯ ಮೊಹರು ಹಾಕಿಸಿಕೊಳ್ಳಬೇಕು. ಕಂಪೆನಿ ಮಾಡಿಸಿದ ಪರೀಕ್ಷೆಗಳ ಫಲಿತಾಂಶ, ಸುರಕ್ಷತಾ ತರಬೇತಿಯ ಕಾರ್ಡು, ಸಂಬಳದ ಚೀಟಿ, ಇಕಾಮಾ ಅಥವಾ ಪತಾಕದ ಎರಡೂ ಬದಿಯ ನಕಲು, ಪಾಸ್‌ಪೋರ್ಟಿನ ವೀಸಾ ಪುಟಗಳ ನಕಲು, ಇವನ್ನೆಲ್ಲ ಒಂದು ಕವರಿನಲ್ಲಿ ಇಡಿ. ಕಂಪೆನಿ ಮುಚ್ಚಿಹೋದ ಮೇಲೆ ಇವನ್ನು ಕೊಡುವವರು ಯಾರೂ ಇರುವುದಿಲ್ಲ.

ಎರಡನೆಯದು, ಊರಿಗೆ ಬಂದ ಮೇಲೆ ಇರುವ ದಾರಿ. ಶಾಲೆಯಲ್ಲಿ ಕಲಿಯದೆ ಕೆಲಸ ಮಾಡುತ್ತ ಕಲಿತ ವಿದ್ಯೆಯನ್ನು ಪರೀಕ್ಷಿಸಿ ಸರ್ಟಿಫಿಕೇಟ್ ಕೊಡುವ ಏರ್ಪಾಟನ್ನು ಕೇಂದ್ರ ಸರಕಾರ ಮಾಡಿದೆ. 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯ ಭಾಗವಾಗಿ ಇದು ಬಂದಿತು. ಇದಕ್ಕೆ ಪೂರ್ವಕಲಿಕೆಯ ಮಾನ್ಯತೆ ಎಂದು ಹೆಸರು, ಕಚೇರಿಗಳಲ್ಲಿ ಆರ್.ಪಿ.ಎಲ್. ಎಂದು ಕೇಳಿದರೆ ತಿಳಿಯುತ್ತದೆ. ಕೆಲವು ಗಂಟೆಗಳ ತಿಳಿವಳಿಕೆ ಪಾಠ, ಆಮೇಲೆ ಕೈಕೆಲಸದ ಪರೀಕ್ಷೆ, ತೇರ್ಗಡೆಯಾದರೆ ರಾಷ್ಟ್ರೀಯ ಮಟ್ಟದ ಸರ್ಟಿಫಿಕೇಟ್. ಇದು ಕೇಂದ್ರದ ಯೋಜನೆಯಾದ್ದರಿಂದ ತಾಳವಾಡಿಯವರಿಗೂ ಅಕ್ಕಲಕೋಟೆಯವರಿಗೂ ಅನ್ವಯಿಸುತ್ತದೆ. ಪರೀಕ್ಷೆಯ ಭಾಷೆ ಯಾವುದು, ಕನ್ನಡದಲ್ಲಿ ಉತ್ತರಿಸಬಹುದೇ ಎಂದು ಹೆಸರು ಬರೆಸುವಾಗಲೇ ಕೇಳಿ. ಮಲೆಯಾಳ ಮಾತಾಡಲು ಬಂದರೂ ಓದಲು ಬಾರದವರು ನಮ್ಮಲ್ಲಿದ್ದಾರೆ. ಅದನ್ನು ಹೇಳಲು ಸಂಕೋಚ ಬೇಡ.

ಆದರೆ ಈ ಸರ್ಟಿಫಿಕೇಟ್ ಐ.ಟಿ.ಐ. ಸರ್ಟಿಫಿಕೇಟಿಗೆ ಸಮ ಎಂದು ತಿಳಿಯಬೇಡಿ. ಸರಕಾರಿ ಹುದ್ದೆಗೆ ಐ.ಟಿ.ಐ. ಬೇಕೆಂದು ಬರೆದಿದ್ದರೆ ಇದು ಸಾಲದು. ಅಂಥವರಿಗೆ ಬೇರೆ ಬಾಗಿಲಿದೆ. ಕೆಲಸದ ಅನುಭವ ಇದ್ದವರು ಖಾಸಗಿ ಅಭ್ಯರ್ಥಿಯಾಗಿ ಅಖಿಲ ಭಾರತ ಟ್ರೇಡ್ ಪರೀಕ್ಷೆಗೆ ಕುಳಿತುಕೊಳ್ಳುವ ಅವಕಾಶವಿದೆ. ನಿಮ್ಮ ಕಸುಬಿಗೆ ಅರ್ಜಿ ಯಾವಾಗ, ಎಷ್ಟು ಅನುಭವ ತೋರಿಸಬೇಕು ಎಂಬುದನ್ನು ಹತ್ತಿರದ ಸರಕಾರಿ ಐ.ಟಿ.ಐ.ಯಲ್ಲಿ ಪ್ರಾಂಶುಪಾಲರನ್ನೇ ಕಂಡು ಕೇಳಿ. ಮೊದಲು ಹೇಳಿದ ಕವರು ಇಲ್ಲಿ ಉಪಯೋಗಕ್ಕೆ ಬರುತ್ತದೆ.

ಮೂರನೆಯದಾಗಿ, ಕೆಲವು ಕಸುಬುಗಳಿಗೆ ಸರ್ಟಿಫಿಕೇಟ್ ಸಾಲದು, ಕಾನೂನಿನ ಪರವಾನಗಿಯೂ ಬೇಕು. ವಿದ್ಯುತ್ ಕೆಲಸ ಇದರಲ್ಲಿ ಮುಖ್ಯ. ಕೇರಳದಲ್ಲಿ ವಯರ್‌ಮನ್ ಪರ್ಮಿಟ್, ಸೂಪರ್‌ವೈಸರ್ ಪ್ರಮಾಣಪತ್ರ, ಕಂತ್ರಾಟುದಾರನ ಲೈಸೆನ್ಸ್ ಇವನ್ನು ಕೊಡುವುದು ರಾಜ್ಯ ವಿದ್ಯುತ್ ಲೈಸೆನ್ಸಿಂಗ್ ಮಂಡಳಿ. ಪರವಾನಗಿ ಇಲ್ಲದವನು ಎಷ್ಟೇ ಚೆನ್ನಾಗಿ ವಯರಿಂಗ್ ಮಾಡಿದರೂ ಕೆಲಸ ಮುಗಿದ ವರದಿಗೆ ಸಹಿ ಹಾಕುವಂತಿಲ್ಲ. ಸಹಿ ಇಲ್ಲದೆ ಮನೆಗೆ ಸಂಪರ್ಕ ಸಿಗುವುದಿಲ್ಲ. ಪರವಾನಗಿ ಕೊಡುವುದು ಆಯಾ ರಾಜ್ಯ ಸರಕಾರವಾದ್ದರಿಂದ ಮಂಗಳೂರಿಗೆ ಕೆಲಸಕ್ಕೆ ಹೋಗುವವರು ಅಲ್ಲಿಯ ವಿದ್ಯುತ್ ಪರಿವೀಕ್ಷಣಾಲಯದಲ್ಲಿ ವಿಚಾರಿಸಿಕೊಳ್ಳಬೇಕು.

ಪರೀಕ್ಷೆಗೆ ಕುಳಿತುಕೊಳ್ಳುವ ಮುಂಚೆ ಒಂದಿಷ್ಟು ಮರುಕಲಿಕೆಯೂ ಬೇಕು. ದುಬಾಯಿಯಲ್ಲಿ ಬ್ರಿಟಿಷ್ ಪದ್ಧತಿ: ಚೌಕ ಕಡ್ಡಿಯ 13 ಆಂಪಿಯರ್ ಪ್ಲಗ್, ಅದರೊಳಗೇ ಫ್ಯೂಸ್. ನಮ್ಮಲ್ಲಿ ದುಂಡು ಕಡ್ಡಿಯ 6 ಮತ್ತು 16 ಆಂಪಿಯರ್. ಸೌದಿಯಲ್ಲಿ ವಿದ್ಯುತ್ತಿನ ಆವರ್ತನ 60, ನಮ್ಮಲ್ಲಿ 50. ವಯರಿಂಗಿಗೆ ಭಾರತೀಯ ಮಾನಕ 732, ಭೂಸಂಪರ್ಕಕ್ಕೆ ಮಾನಕ 3043 ಎಂದು ನಮ್ಮ ನಿಯಮಗಳಿವೆ. ಗೊತ್ತಿರುವ ಕೆಲಸವೆಂದು ಓದದೆ ಹೋದ ಅನುಭವಿಗಳು ಎಡವುವುದು ಇಂಥಲ್ಲಿಯೇ.

ಡ್ರೈವರುಗಳಿಗೂ ಒಂದು ಮಾತು. ಕೊಲ್ಲಿಯ ಲೈಸೆನ್ಸ್ ಎಷ್ಟು ದೊಡ್ಡ ಗಾಡಿಯದ್ದಾದರೂ ಇಲ್ಲಿ ಬಾಡಿಗೆ ಗಾಡಿ ಓಡಿಸಲು ನಮ್ಮ ಲೈಸೆನ್ಸೇ ಬೇಕು. 2019ರ ತಿದ್ದುಪಡಿಯಂತೆ, ಊರಿನ ಲೈಸೆನ್ಸಿನ ಅವಧಿ ಮುಗಿದು ಒಂದು ವರ್ಷ ದಾಟಿದರೆ ಮತ್ತೆ ಪರೀಕ್ಷೆ ಕೊಡಬೇಕಾಗುತ್ತದೆ. ರಜೆಗೆ ಬಂದಾಗಲೇ ತಾರೀಕು ನೋಡಿ ನವೀಕರಿಸಿಕೊಳ್ಳುವುದು ಲೇಸು.

ಇನ್ನು ವೆಲ್ಡರುಗಳು. ಇವರ ಕಸುಬಿಗೆ ಲೋಕವೆಲ್ಲ ಒಪ್ಪುವ ಭಾಷೆ ಇದೆ. ಮಲಗಿಸಿದ ಹಲಗೆಯ ಬೆಸುಗೆ 1ಜಿ, ನಿಲ್ಲಿಸಿದ್ದು 3ಜಿ, ತಲೆಯ ಮೇಲಿನದು 4ಜಿ. ಕೊಳವೆಯನ್ನು 45 ಡಿಗ್ರಿ ಓರೆಯಾಗಿ ಕಟ್ಟಿ, ತಿರುಗಿಸದೆ, ವೆಲ್ಡರನೇ ಸುತ್ತಿ ಬಂದು ಬೆಸೆಯುವುದು 6ಜಿ. ಇದು ಎಲ್ಲಕ್ಕಿಂತ ಕಠಿಣ. ಇದರಲ್ಲಿ ಗೆದ್ದವನಿಗೆ ಸಂಸ್ಕರಣಾಗಾರ, ಹಡಗುಕಟ್ಟೆ, ಬಾಯ್ಲರ್ ಕೆಲಸಗಳಲ್ಲಿ ಬೆಲೆಯಿದೆ. ಆದರೆ ಅಮೆರಿಕದ ಎ.ಎಸ್.ಎಂ.ಇ. ನಿಯಮದಂತೆ, ಒಬ್ಬ ವೆಲ್ಡರ್ ಆ ವಿಧಾನದಲ್ಲಿ ಆರು ತಿಂಗಳು ಕೆಲಸ ಮಾಡದಿದ್ದರೆ ಅವನ ಅರ್ಹತೆ ಮುಗಿಯುತ್ತದೆ. ಅಲ್ಲದೆ ಹೊಸ ಮಾಲೀಕ ತಾನೇ ಪರೀಕ್ಷಿಸಬೇಕು. ಹಾಗಾಗಿ ಊರಿಗೆ ಬಂದ ವೆಲ್ಡರ್ ಮನೆ ಕಟ್ಟಿಸುತ್ತ ಒಂದು ವರ್ಷ ಕಳೆದರೆ, ಹಳೆಯ ಕಾರ್ಡು ಅವನನ್ನು ಗೇಟಿನವರೆಗೆ ಮಾತ್ರ ಕರೆದೊಯ್ಯುತ್ತದೆ. ಒಳಗೆ ಹೋಗಲು ಪರೀಕ್ಷಾತುಂಡನ್ನು ಮತ್ತೆ ಬೆಸೆದು ತೋರಿಸಬೇಕು. ಊರಿನ ವರ್ಕ್‌ಶಾಪಿನಲ್ಲಾದರೂ ಕೈ ಬಿಡದೆ ಅಭ್ಯಾಸ ಇಟ್ಟುಕೊಳ್ಳಿ.

ನಾಲ್ಕನೆಯದು ಸ್ವಂತ ಉದ್ಯೋಗ. ಬ್ಯಾಂಕಿನ ಕೌಂಟರಿನಲ್ಲಿ ವರ್ಷಗಟ್ಟಲೆ ಕುಳಿತವನಾದ್ದರಿಂದ ಈ ಬಾಬ್ತು ಸ್ವಲ್ಪ ಬಿಡಿಸಿ ಹೇಳಬಲ್ಲೆ. ಕೇರಳ ಸರಕಾರದ ನೋರ್ಕಾ ಸಂಸ್ಥೆ ಹಿಂದಿರುಗಿದವರಿಗೆಂದು ಒಂದು ಯೋಜನೆ ನಡೆಸುತ್ತದೆ. ಕನಿಷ್ಠ ಎರಡು ವರ್ಷ ವಿದೇಶದಲ್ಲಿದ್ದು ಬಂದ ಕೇರಳದವರಿಗೆ ಅದು. 30 ಲಕ್ಷ ರೂಪಾಯಿವರೆಗಿನ ಉದ್ಯಮಕ್ಕೆ ಬ್ಯಾಂಕ್ ಸಾಲ, ಶೇಕಡಾ 15 ಬಂಡವಾಳ ಸಹಾಯಧನ, ಅದು 3 ಲಕ್ಷಕ್ಕೆ ಮೀರದಂತೆ. ಕಂತು ಸರಿಯಾಗಿ ಕಟ್ಟುವವರಿಗೆ ಮೊದಲ ನಾಲ್ಕು ವರ್ಷ ಬಡ್ಡಿಯಲ್ಲಿ ಶೇಕಡಾ 3 ರಿಯಾಯಿತಿ. ಹತ್ತು ಲಕ್ಷದ ವರ್ಕ್‌ಶಾಪಿಗೆ ಲೆಕ್ಕ ಹಾಕಿದರೆ ಸಹಾಯಧನ ಒಂದೂವರೆ ಲಕ್ಷ.

ಇಲ್ಲಿ ತಿಳಿಯಬೇಕಾದುದು, ಸಾಲ ಕೊಡುವುದು ನೋರ್ಕಾ ಅಲ್ಲ, ಬ್ಯಾಂಕು. ನೋರ್ಕಾದ ಪತ್ರ ಬಂದ ಮಾತ್ರಕ್ಕೆ ಸಾಲ ಆಗಿಹೋಯಿತೆಂದು ಶೆಡ್ ಕಟ್ಟಲು ಶುರು ಮಾಡಬೇಡಿ. ಯಂತ್ರಗಳ ಕೊಟೇಶನ್, ಪಂಚಾಯತಿನ ಲೈಸೆನ್ಸ್, ಜಾಗದ ಬಾಡಿಗೆ ಕರಾರು, ತಿಂಗಳಿಗೆ ಎಷ್ಟು ಕೆಲಸ ಬರಬಹುದು ಎಂಬ ನಂಬುವಂಥ ಲೆಕ್ಕ, ಇವಿಷ್ಟನ್ನು ಮ್ಯಾನೇಜರು ನೋಡುತ್ತಾರೆ. ಕಸುಬಿನ ಸರ್ಟಿಫಿಕೇಟ್ ಅರ್ಜಿಯ ಜತೆಗಿದ್ದರೆ ಆ ಲೆಕ್ಕಕ್ಕೆ ಬಲ ಬರುತ್ತದೆ. ಸಹಾಯಧನದ ಆಸೆಗೆ ಬೇಕಾದುದಕ್ಕಿಂತ ಹೆಚ್ಚು ಸಾಲ ಮಾಡಬಾರದು; ಸಹಾಯಧನ ಒಂದು ಸಲದ್ದು, ಕಂತು ಪ್ರತಿ ತಿಂಗಳದ್ದು. ಬಡಗಿ, ಕಮ್ಮಾರ, ಗಾರೆಯವರು 2023ರಲ್ಲಿ ಬಂದ ಕೇಂದ್ರದ ವಿಶ್ವಕರ್ಮ ಯೋಜನೆಯನ್ನೂ ವಿಚಾರಿಸಬಹುದು. ಅದು 18 ಪರಂಪರಾಗತ ಕಸುಬುಗಳಿಗೆ ಮಾತ್ರ.

ಕೊನೆಯದಾಗಿ ಅಪ್ರೆಂಟಿಸ್ ವಿಷಯ. ಕೊಲ್ಲಿಯಲ್ಲಿ ಎರಡು ಮೂರು ವರ್ಷ ಹೆಲ್ಪರಾಗಿದ್ದು, ಕಸುಬು ಅರ್ಧ ಕಲಿತು ಬಂದ ಹುಡುಗರಿಗೆ ಇದು ಒಳ್ಳೆಯ ದಾರಿ. 1961ರ ಅಪ್ರೆಂಟಿಸ್ ಕಾಯಿದೆಯಡಿ, 30 ಮಂದಿಗಿಂತ ಕಡಿಮೆ ಇಲ್ಲದ ಸಂಸ್ಥೆಗಳು ಅಪ್ರೆಂಟಿಸುಗಳನ್ನು ತೆಗೆದುಕೊಳ್ಳಲೇಬೇಕು. ಕಲಿಯುವಾಗಲೇ ಭತ್ಯೆ ಸಿಗುತ್ತದೆ, ಮುಗಿದಾಗ ಸರ್ಟಿಫಿಕೇಟ್ ಸಿಗುತ್ತದೆ. ಇನ್ನೊಂದು ಕಡೆಯಿಂದಲೂ ಯೋಚಿಸಿ. ಐವತ್ತು ದಾಟಿದ ಮೇಸ್ತ್ರಿ ತಾನು ಅಪ್ರೆಂಟಿಸ್ ಆಗಲಾರ, ಆದರೆ ಕಲಿಸಬಲ್ಲ. ನಾಲ್ಕು ಮಂದಿ ಕೆಲಸದವರಿರುವ ಸಣ್ಣ ವರ್ಕ್‌ಶಾಪು ಕೂಡ ನೋಂದಣಿ ಮಾಡಿಸಿ ಹುಡುಗರನ್ನು ಇಟ್ಟುಕೊಳ್ಳಬಹುದು. 2016ರಲ್ಲಿ ಬಂದ ರಾಷ್ಟ್ರೀಯ ಅಪ್ರೆಂಟಿಸ್ ಪ್ರೋತ್ಸಾಹ ಯೋಜನೆಯಂತೆ ಭತ್ಯೆಯ ಕಾಲಂಶವನ್ನು, ತಿಂಗಳಿಗೆ 1500 ರೂಪಾಯಿ ಮೀರದಂತೆ, ಕೇಂದ್ರ ಸರಕಾರ ಭರಿಸುತ್ತದೆ. ಮರಳುಗಾಡಿನ ಬಿಸಿಲಿನಲ್ಲಿ ಕಲಿತ ವಿದ್ಯೆ ಊರಿನ ಹುಡುಗರಿಗೆ ದಾಟುವುದು ಈ ದಾರಿಯಲ್ಲಿ.

ಒಂದು ಎಚ್ಚರಿಕೆ. ಪರೀಕ್ಷೆ ಇಲ್ಲದೆ, ಹಣ ಕೊಟ್ಟರೆ ವಾರದೊಳಗೆ ಸರ್ಟಿಫಿಕೇಟ್ ತರಿಸಿಕೊಡುತ್ತೇವೆ ಎನ್ನುವವರು ಎಲ್ಲ ಪೇಟೆಗಳಲ್ಲಿಯೂ ಇದ್ದಾರೆ. ನಿಜವಾದ ಸರ್ಟಿಫಿಕೇಟಿನ ಸಂಖ್ಯೆಯನ್ನು ಮಾಲೀಕರು ಕಂಪ್ಯೂಟರಿನಲ್ಲಿ ತಾಳೆ ನೋಡುತ್ತಾರೆ. ಸುಳ್ಳು ಕಾಗದ ಸಿಕ್ಕಿಬಿದ್ದರೆ ಹೋಗುವುದು ಕೆಲಸ ಮಾತ್ರವಲ್ಲ, ಮರ್ಯಾದೆಯೂ ಹೋಗುತ್ತದೆ, ಪೊಲೀಸು ಕೇಸೂ ಆಗುತ್ತದೆ. ಅರ್ಜಿ ತುಂಬಲು ಬಾರದಿದ್ದರೆ ಅಕ್ಷಯ ಕೇಂದ್ರಕ್ಕೆ ಹೋಗಿ, ರಶೀದಿ ಕೇಳಿ ಪಡೆಯಿರಿ. ಅನ್ಯಾಯವಾಗಿದೆ ಎಂದು ಸರಕಾರಿ ಕಚೇರಿಗೆ ಅಹವಾಲು ಕೊಡುವಾಗ ಕನ್ನಡದಲ್ಲಿಯೇ ಬರೆದುಕೊಡಬಹುದು. ಸಂವಿಧಾನದ 350ನೆಯ ವಿಧಿ ಆ ಹಕ್ಕನ್ನು ಕೊಟ್ಟಿದೆ.

ಕೇಳುಗರೇ, ಮನೆಗೆ ಬಂದವರನ್ನು 'ಎಷ್ಟು ತಂದೆ?' ಎಂದು ಕೇಳುವುದು ನಮ್ಮ ರೂಢಿ. ಇನ್ನು ಮುಂದೆ 'ಏನು ಕಲಿತು ಬಂದೆ? ಅದರ ಕಾಗದ ಎಲ್ಲಿದೆ?' ಎಂದೂ ಕೇಳೋಣ. ತಂದ ಹಣ ಒಂದು ಮದುವೆಗೆ, ಒಂದು ಮನೆಗೆ ಮುಗಿಯುತ್ತದೆ. ಕಲಿತ ಕಸುಬು, ಅದಕ್ಕೆ ತಕ್ಕ ಕಾಗದ ಜತೆಗಿದ್ದರೆ, ಇನ್ನೂ ಇಪ್ಪತ್ತು ವರ್ಷ ಅನ್ನ ಕೊಡುತ್ತದೆ.