ದುರ್ಬಲ ವೈರಾಣು ಕಲಿಸಿದ ಪಾಠ

ಎಚ್.ಐ.ವಿ. ವೈರಾಣು ಮಾನವನ ದೇಹವನ್ನು ಹೊಕ್ಕ ಮೇಲೆ, ಚಿಕಿತ್ಸೆ ದೊರೆಯದಿದ್ದರೆ, ಸಾಮಾನ್ಯವಾಗಿ ಸುಮಾರು 10 ವರ್ಷಗಳಲ್ಲಿ ಏಡ್ಸ್ ರೋಗ ತಲೆದೋರುತ್ತದೆ. ಆದರೆ ಕೆಲವರಲ್ಲಿ ಈ ಸೋಂಕು ಬಹು ನಿಧಾನವಾಗಿ ಮುಂದುವರಿಯುತ್ತದೆ. ಇದಕ್ಕೆ ಕಾರಣವೇನು?

ಇದನ್ನು ತಿಳಿಯಲು ವೈರಾಣುವಿನ ಸ್ವಭಾವವನ್ನು ಅರಿಯಬೇಕು. ಹಿಂದೆ ಲಿಪಿಕಾರರು ಓಲೆಗರಿಯ ಗ್ರಂಥಗಳನ್ನು ಪ್ರತಿ ಮಾಡುವಾಗ ಅಕ್ಷರಗಳು ತಪ್ಪಿ ಪಾಠಾಂತರಗಳು ಹುಟ್ಟುತ್ತಿದ್ದವು. ಈ ವೈರಾಣುವೂ ಅಂಥ ಲಿಪಿಕಾರನೇ. ತನ್ನ ವಂಶವಾಹಿಗಳನ್ನು ಪ್ರತಿ ಮಾಡುವಾಗ ಆಗುವ ತಪ್ಪುಗಳನ್ನು ಅದು ತಿದ್ದಿಕೊಳ್ಳುವುದಿಲ್ಲ. ಚಿಕಿತ್ಸೆಯಿಲ್ಲದ ರೋಗಿಯಲ್ಲಿ ದಿನವೊಂದಕ್ಕೆ ಸುಮಾರು 1000 ಕೋಟಿ ವೈರಾಣುಗಳು ಹುಟ್ಟಬಲ್ಲವು. ಆದುದರಿಂದ ಒಬ್ಬನ ದೇಹದಲ್ಲಿಯೇ ನಾನಾ ಬಗೆಯ ವೈರಾಣುಗಳು ನೆಲೆಸುತ್ತವೆ. ದೇಹದ ರಕ್ಷಣಾಶಕ್ತಿ ಒಂದನ್ನು ಗುರುತಿಸುವಷ್ಟರಲ್ಲಿ ಮತ್ತೊಂದು ವೇಷ ಬದಲಿಸಿ ತಪ್ಪಿಸಿಕೊಳ್ಳುತ್ತದೆ.

ಆದರೆ ಎಲ್ಲ ತಪ್ಪುಗಳೂ ವೈರಾಣುವಿಗೆ ಲಾಭಕರವಲ್ಲ. ಆಸ್ಟ್ರೇಲಿಯದ ಸಿಡ್ನಿ ನಗರದ ಒಂದು ಪ್ರಸಂಗ ಇದಕ್ಕೆ ನಿದರ್ಶನ. 1980ರ ದಶಕದ ಆರಂಭದಲ್ಲಿ ರಕ್ತದಲ್ಲಿ ಈ ಸೋಂಕನ್ನು ಪತ್ತೆಹಚ್ಚುವ ಪರೀಕ್ಷೆ ಇನ್ನೂ ಬಂದಿರಲಿಲ್ಲ. ಸೋಂಕಿನ ಅರಿವಿಲ್ಲದ ದಾನಿಯೊಬ್ಬನ ರಕ್ತದಿಂದ ಹಲವರಿಗೆ ವೈರಾಣು ತಗುಲಿತು. ಹತ್ತು ವರ್ಷ ಕಳೆದರೂ ಆ ದಾನಿಯಾಗಲಿ, ರಕ್ತ ಪಡೆದವರಲ್ಲಿ ಹೆಚ್ಚಿನವರಾಗಲಿ ರೋಗಕ್ಕೆ ಈಡಾಗಲಿಲ್ಲ. 1995ರಲ್ಲಿ ವಿಜ್ಞಾನಿಗಳು ಇದರ ಗುಟ್ಟನ್ನು ಪ್ರಕಟಿಸಿದರು. ವೈರಾಣುವಿನ ‘ನೆಫ್’ ಎಂಬ ವಂಶವಾಹಿಯ ಒಂದು ಭಾಗವೇ ಅಳಿಸಿಹೋಗಿತ್ತು! ವೈರಾಣು ಬಲವಾಗಿ ವೃದ್ಧಿಸಲು, ಸೋಂಕು ತಗುಲಿದ ಜೀವಕೋಶವನ್ನು ದೇಹದ ಕಾವಲಿನಿಂದ ಮರೆಮಾಡಲು ನೆರವಾಗುವುದು ಈ ವಂಶವಾಹಿ.

ಇಂಥ ದುರ್ಬಲ ವೈರಾಣುವಿನಿಂದ ಲಸಿಕೆ ತಯಾರಿಸಬಹುದೆಂಬ ಆಸೆ ಕೆಲವರಲ್ಲಿ ಮೂಡಿತು. ಆದರೆ ಕಾಲಕ್ರಮದಲ್ಲಿ ದಾನಿಯಲ್ಲಿಯೂ ರಕ್ತ ಪಡೆದ ಕೆಲವರಲ್ಲಿಯೂ ರಕ್ಷಕ ಬಿಳಿಯ ರಕ್ತಕಣಗಳು ಕುಗ್ಗತೊಡಗಿದವು. 1999ರಲ್ಲಿ ದಾನಿಗೆ ಚಿಕಿತ್ಸೆ ಆರಂಭಿಸಬೇಕಾಯಿತು. ಅದೇ ಮೂಲದ ವೈರಾಣುವನ್ನು ಹೊತ್ತ ಇನ್ನು ಕೆಲವರಲ್ಲಿ ಮಾತ್ರ ರಕ್ತಕಣಗಳು ಕುಗ್ಗಿರಲಿಲ್ಲ.

ಆದುದರಿಂದ ವೈರಾಣುವಿನ ಬಗೆಯಷ್ಟೇ ಮುಖ್ಯವಾದುದು ಅದಕ್ಕೆ ಆಶ್ರಯ ನೀಡಿದ ದೇಹದ ಬಗೆ. ಜೀವಕೋಶವನ್ನು ಹೊಗಲು ವೈರಾಣು ಬಳಸುವ ಬಾಗಿಲುಗಳು ಕೆಲವರಲ್ಲಿ ಹುಟ್ಟಿನಿಂದಲೇ ಕಡಮೆಯಿರುತ್ತವೆ. ಮತ್ತೆ ಕೆಲವರ ರಕ್ಷಣಾಶಕ್ತಿ, ಬದಲಾದರೆ ವೈರಾಣುವೇ ಸೊರಗುವಂಥ ಭಾಗವನ್ನು ಗುರುತಿಸಿ ಹೊಡೆಯುತ್ತದೆ.

ನಿಧಾನವಾಗಿ ಬರುವ ಶತ್ರುವೂ ಶತ್ರುವೇ. ಅದಕ್ಕಾಗಿಯೇ ಸೋಂಕು ತಿಳಿದ ಕೂಡಲೇ, ಲಕ್ಷಣಗಳಿಗಾಗಿ ಕಾಯದೆ, ಎಲ್ಲರಿಗೂ ಚಿಕಿತ್ಸೆ ನೀಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಸಲಹೆ ಮಾಡಿತು.